ಪಳ್ಳದ ಹೆಸರೂ ನಮ್ಮ ಹೊಣೆಯೂ

ನಮ್ಮ ಜಿಲ್ಲೆಯ ಹೆಸರಿನೊಳಗೇ ಒಂದು ಕೆರೆ ಅಡಗಿದೆಯೆಂದು ಹೇಳುವವರಿದ್ದಾರೆ. ಸಂಸ್ಕೃತದಲ್ಲಿ ‘ಕಾಸಾರ’ವೆಂದರೆ ಸರೋವರ, ‘ಕ್ರೋಡ’ವೆಂದರೆ ಮಡಿಲು; ಇವೆರಡೂ ಕೂಡಿ ಕಾಸರಗೋಡು ಆಯಿತೆಂಬುದು ಅವರ ವಾದ. ಕೆರೆಯೂ ಇಲ್ಲ, ಮಡಿಲೂ ಇಲ್ಲ, ಕಾಸರಕದ ಮರಗಳು ದಟ್ಟವಾಗಿ ಬೆಳೆದಿದ್ದ ಊರಾದುದರಿಂದ ಈ ಹೆಸರು ಬಂತೆಂಬುದು ಇನ್ನೊಂದು ಪಕ್ಷ. ಇತ್ತೀಚೆಗೆ ಜಿಲ್ಲೆಯ ಅಧಿಕೃತ ವೃಕ್ಷವೆಂದು ಕಾಸರಕವನ್ನೇ ಸಾರಲಾಗಿದೆ. ನಾನು ಅಧ್ಯಾಪಕನಾಗಿದ್ದಾಗ ಪ್ರತಿವರ್ಷವೂ ಒಬ್ಬನಾದರೂ ವಿದ್ಯಾರ್ಥಿ, “ಇವೆರಡರಲ್ಲಿ ಸರಿ ಯಾವುದು ಸರ್?” ಎಂದು ಕೇಳುತ್ತಿದ್ದ. ಕೆರೆಯ ತಂಪನ್ನೋ ಕಾಸರಕದ ಕಹಿಯನ್ನೋ ಆರಿಸಿಕೊಳ್ಳುವುದು ನಿನಗೆ ಬಿಟ್ಟದ್ದು ಎಂದು ನಗೆಯಾಡಿ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಆ ಪ್ರಶ್ನೆ ನಗೆಯಾಡಿ ತಳ್ಳಿಹಾಕುವಂಥದಲ್ಲವೆಂದು ತಿಳಿಯಲು ನನಗೆ ನಿವೃತ್ತಿಯ ಬಿಡುವು ಬೇಕಾಯಿತು.

ನಿಜವೆಂದು ನಾವು ನಂಬದ ಒಂದು ಕಥೆಗೆ, ನಾವು ಇಟ್ಟದ್ದಲ್ಲದ ಒಂದು ಹೆಸರಿಗೆ, ನಮ್ಮ ಮೇಲೆ ಏನಾದರೂ ಹಕ್ಕು ಇದೆಯೆ? ಈ ಪ್ರಶ್ನೆಯನ್ನು ನನ್ನೂರಿನ ಒಂದು ಸಣ್ಣ ಪಳ್ಳದ ದಡದಲ್ಲಿ ನಿಂತು ವಿಚಾರಿಸಬೇಕೆಂದಿದ್ದೇನೆ.

ಪಳ್ಳವೆಂದರೇನೆಂದು ಸಂಘದ ಹಿರಿಯರಿಗೆ ಹೇಳಬೇಕಾಗಿಲ್ಲ. ಆದರೆ ನಗರಗಳಲ್ಲಿ ಬೆಳೆದ ನಮ್ಮ ಮೊಮ್ಮಕ್ಕಳಿಗೆ ಹೇಳಬೇಕು. ನಮ್ಮ ಗುಡ್ಡೆಗಳ ನೆತ್ತಿಯಲ್ಲಿ ಮುರಕಲ್ಲಿನ ಹಾಸು ಇದೆ. ಆ ಹಾಸಿನ ತಗ್ಗುಗಳಲ್ಲಿ ಮಳೆಗಾಲದ ನೀರು ನಿಂತು, ಸುತ್ತಲೂ ಜೌಗು ಹುಲ್ಲು ಬೆಳೆದು, ನಡುವೆ ಕೊಳವಾಗುತ್ತದೆ. ಅದೇ ಪಳ್ಳ. ಇದು ತುಳುವಿನ ಮಾತು. ಇಂದು ವಿಶ್ವವಿದ್ಯಾಲಯದಿಂದ ಹೆಸರಾದ ಮಣಿಪಾಲಕ್ಕೆ ಆ ಹೆಸರು ಬಂದುದೂ ಅಲ್ಲಿನ ‘ಮಣ್ಣಪಳ್ಳ’ ಎಂಬ ಕೆರೆಯಿಂದಲೇ. ಶ್ರಾವಣ, ಭಾದ್ರಪದಗಳಲ್ಲಿ ಪಳ್ಳದ ಅಂಚಿನ ಒದ್ದೆ ನೆಲವೆಲ್ಲ ನೀಲಿ ಹೂಗಳಿಂದ ತುಂಬುತ್ತದೆ. ಓಣಂ ಹಬ್ಬದ ಪೂಕ್ಕಳಕ್ಕೆ ಮಲಯಾಳಿ ಮಕ್ಕಳು ಕೊಯ್ಯುವ ‘ಕಾಕ್ಕಪ್ಪೂ’ ಅದು. ಅಷ್ಟು ಕೋಮಲವಾದ ಆ ಗಿಡ ತನ್ನ ಸಣ್ಣ ಚೀಲಗಳಲ್ಲಿ ನೀರಿನ ಹುಳಗಳನ್ನು ಹಿಡಿದು ತಿನ್ನುತ್ತದೆಂದು ಹೇಳಿದರೆ ಮಕ್ಕಳು ಕಣ್ಣರಳಿಸುತ್ತಾರೆ.

ನಮ್ಮೂರಿನ ಪಳ್ಳಕ್ಕೆ ನಾಲ್ಕು ಹೆಸರುಗಳಿದ್ದುವು. ಉಳುವ ತುಳು ಮನೆಗಳವರು ಅದನ್ನು ‘ಎರ್ಮೆಪಳ್ಳ’ ಎನ್ನುತ್ತಿದ್ದರು. ಎಮ್ಮೆಗಳು ಅದರ ಕೆಸರಂಚಿನಲ್ಲಿ ಹೊರಳುತ್ತಿದ್ದುವು. ಗುಡ್ಡೆಯ ಆಚೆ ಮಗ್ಗುಲಿನ ಮಲಯಾಳ ಮನೆಗಳಲ್ಲಿ ಅದಕ್ಕೆ ‘ಆಮಕ್ಕುಳಂ’ ಎಂದು ಹೆಸರು. ಆಮೆಯ ಕೊಳ ಎಂದರ್ಥ. ನಮ್ಮಂಥ ಕನ್ನಡ ಮನೆಗಳಲ್ಲಿ ಅದು ‘ಅಜ್ಜಿಕೆರೆ’. ಶಾಲೆಯ ಮಕ್ಕಳು ಮಾತ್ರ ಯಾವ ಭಾಷೆಯ ಭೇದವೂ ಇಲ್ಲದೆ ಅದನ್ನು ‘ತಳವಿಲ್ಲದ್ದು’ ಎಂದು ಕರೆಯುತ್ತಿದ್ದರು.

ಅಜ್ಜಿಕೆರೆಯ ಹುಟ್ಟಿನ ಕಥೆ ಹೀಗೆ. ಒಂದು ಬರಗಾಲದಲ್ಲಿ ಎಲ್ಲಿಂದಲೋ ಒಬ್ಬ ಮುದುಕಿ ಬಂದು ಮನೆಮನೆಯಲ್ಲಿ ನೀರು ಕೇಳಿದಳು. ಯಾರೂ ಕೊಡಲಿಲ್ಲ. ಕೊನೆಯ ಗುಡಿಸಲಿನ ಹುಡುಗಿಯೊಬ್ಬಳು ತನ್ನ ಪಾಲಿನ ಗಂಜಿತೆಳಿಯನ್ನು ಗೆರಟೆಯಲ್ಲಿ ತಂದುಕೊಟ್ಟಳು. ಮುದುಕಿ ಅರ್ಧ ಕುಡಿದು ಉಳಿದರ್ಧವನ್ನು ಬಂಡೆಯ ಮೇಲೆ ಚೆಲ್ಲಿ ಹೊರಟುಹೋದಳು. ಬೆಳಗಾಗುವಾಗ ಅಲ್ಲಿ ಗೆರಟೆಯ ಆಕಾರದ ಕೆರೆ ಇತ್ತು. ಈ ಕಥೆಯ ಬೆನ್ನಿಗೇ ಎರಡು ಕಟ್ಟಳೆಗಳಿದ್ದುವು. ಪತ್ತನಾಜೆಯ ಹೊತ್ತಿಗೆ, ಮಳೆ ಬರುವ ಮೊದಲು, ಮನೆಗೊಬ್ಬರು ಹೋಗಿ ‘ಅಜ್ಜಿಗೊಂದು ಬುಟ್ಟಿ’ ಎಂದು ಕೆಸರು ಎತ್ತಿ ಹಾಕಬೇಕು. ಮೇಲಿನ ಇಳಿಜಾರಿನಲ್ಲಿ ಅಜ್ಜಿ ತಲೆಯಿಟ್ಟು ಮಲಗಿದ್ದಾಳೆ, ಅಲ್ಲಿ ಯಾರೂ ಕಲ್ಲು ಕೀಳಬಾರದು.

ನಾನು 1976ರಲ್ಲಿ ಹೊಸತಾಗಿ ಬಿ.ಎಡ್. ಮುಗಿಸಿ ಶಾಲೆಗೆ ಸೇರಿದ್ದೆ. ಮೂಢನಂಬಿಕೆಯನ್ನು ತೊಡೆಯುವುದು ಅಧ್ಯಾಪಕನ ಮೊದಲ ಕರ್ತವ್ಯವೆಂದು ದೃಢವಾಗಿ ನಂಬಿದ್ದೆ. ಇಂದಿಗೂ ಅದನ್ನು ಅಲ್ಲಗಳೆಯುವವನಲ್ಲ. ಆ ವರ್ಷ ಮಳೆ ನಿಂತ ಮೇಲೆ ಏಳನೆಯ ತರಗತಿಯ ಹುಡುಗರನ್ನು ಕರೆದುಕೊಂಡು, ಹಗ್ಗಕ್ಕೆ ಕಲ್ಲು ಕಟ್ಟಿ, ಬಾಳೆದಿಂಡಿನ ತೆಪ್ಪದಲ್ಲಿ ಪಳ್ಳದ ನಡುವಿಗೆ ಹೋಗಿ ಆಳ ಅಳೆದೆ. 11 ಅಡಿ. ದಡಕ್ಕೆ ಬಂದು ಪಾಠವನ್ನೂ ಮಾಡಿದೆ. ಸಾವಿರಾರು ವರ್ಷ ಸುರಿದ ಮಳೆ ಬಂಡೆಯೊಳಗಿನ ಕರಗುವ ಅಂಶಗಳನ್ನು ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂಗಳ ಅಂಶವನ್ನು ಉಳಿಸುತ್ತದೆ. ಹಾಗೆ ಮುರಕಲ್ಲು ಉಂಟಾಗುತ್ತದೆ. ಮೇಲ್ಪದರ ಗಟ್ಟಿಯಾಗುತ್ತದೆ, ಅಡಿಯ ಮೆತ್ತನೆಯ ಜೇಡಿ ಕೊಚ್ಚಿಹೋಗುತ್ತದೆ, ಆಸರೆ ತಪ್ಪಿದ ಮೇಲ್ಪದರ ಕುಸಿದು ತಗ್ಗಾಗುತ್ತದೆ. ಈ ಕಲ್ಲಿಗೆ ‘ಲ್ಯಾಟರೈಟ್’ ಎಂದು ಹೆಸರಿಟ್ಟವನು 1800-01ರಲ್ಲಿ ನಮ್ಮ ಸೀಮೆಯಲ್ಲೆಲ್ಲ ಸಂಚರಿಸಿದ ಫ್ರಾನ್ಸಿಸ್ ಬುಕನನ್. ಜನರು ಇದನ್ನು ಇಟ್ಟಿಗೆಯಂತೆ ಕಡಿದು ಮನೆ ಕಟ್ಟುವುದನ್ನು ನೋಡಿ, ಇಟ್ಟಿಗೆಯನ್ನು ಸೂಚಿಸುವ ಲ್ಯಾಟಿನ್ ಮಾತಿನಿಂದ ಆ ಹೆಸರನ್ನು ರೂಪಿಸಿದನು. ಇಷ್ಟೆಲ್ಲ ಹೇಳಿ, “ಆದುದರಿಂದ ಅಜ್ಜಿಯೂ ಇಲ್ಲ, ಗೆರಟೆಯೂ ಇಲ್ಲ” ಎಂದು ಮುಗಿಸಿದೆ. ಹುಡುಗರು ಚಪ್ಪಾಳೆ ತಟ್ಟಿದರು.

ಸೊಪ್ಪಿನ ಹೊರೆ ಇಳಿಸಿ ಕುಳಿತಿದ್ದ ಒಬ್ಬ ತುಳು ಮುದುಕಿ ಇದನ್ನೆಲ್ಲ ಕೇಳಿಸಿಕೊಂಡಿದ್ದರು. ಅವರ ಮಾತನ್ನು ಕನ್ನಡದಲ್ಲಿ ಹೇಳಿದರೆ ಹೀಗಾಗುತ್ತದೆ: “ಮಾಷ್ಟ್ರೇ, ನೀವು ಕಲಿತವರು, ಹೇಳಿದ್ದು ಸರಿಯೇ ಇರಬೇಕು. ಅಜ್ಜಿ ಇಲ್ಲ ಅಂತಾದರೆ ಇನ್ನು ಕೆಸರು ತೆಗೆಯುವುದು ಯಾರಿಗಾಗಿ?”

ನಾನು ನಕ್ಕು, “ನಮಗಾಗಿಯೇ ದೊಡ್ಡಮ್ಮಾ” ಎಂದೆ. ಉತ್ತರ ಸರಿಯಾಗಿಯೇ ಇತ್ತು. ಆದರೆ ಆ ಉತ್ತರವನ್ನು ನಾನು ಪಾಠದಲ್ಲಿ ಸೇರಿಸಿರಲಿಲ್ಲ, ಮುಂದೆಯೂ ಸೇರಿಸಲಿಲ್ಲ. ಮರುವರ್ಷದ ಪತ್ತನಾಜೆಗೆ ಬುಟ್ಟಿ ಹಿಡಿದು ಹೋದವನೂ ನಾನಲ್ಲ.

ಮುಂದೆ ಆದುದನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಬುಟ್ಟಿಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾದುವು. ಕೊಳವೆಬಾವಿ ಬಂದ ಮೇಲೆ ಪಳ್ಳದ ನೀರು ಯಾರಿಗೂ ಬೇಡವಾಯಿತು. ಮೇಲಿನ ಇಳಿಜಾರಿನಲ್ಲಿ ಮೊದಲು ಕೈಯಿಂದಲೂ ಅನಂತರ ಯಂತ್ರದಿಂದಲೂ ಕೆಂಪುಕಲ್ಲು ಕಡಿದರು. ಅಲ್ಲಿಂದ ಇಳಿದುಬರುತ್ತಿದ್ದ ನೀರು ದಾರಿ ತಪ್ಪಿತು. ಕಲ್ಲಿನ ಚೂರು, ಮಣ್ಣು ಬಂದು ಪಳ್ಳದ ಅರ್ಧವನ್ನು ತುಂಬಿದುವು. ಹಿಂದೆ ಮಾರ್ಚಿಯವರೆಗೂ ನೀರಿದ್ದ ಜಾಗದಲ್ಲಿ ಈಗ ಡಿಸೆಂಬರಿನಲ್ಲಿಯೇ ಮಕ್ಕಳು ಕ್ರಿಕೆಟ್ ಆಡುತ್ತಾರೆ. ಗುಡ್ಡೆಯ ಬುಡದ ಬಾವಿಗಳೂ ಸುರಂಗಗಳೂ ಸೊರಗಿವೆ.

ನನ್ನ ಹಗ್ಗದಿಂದಲೇ ಕೆರೆ ಬತ್ತಿತೆಂದರೆ ಅದೂ ಒಂದು ಕಟ್ಟುಕಥೆಯೇ ಆದೀತು. ಯಾವ ಪಾಠವನ್ನೂ ಕೇಳದ ಊರುಗಳ ಪಳ್ಳಗಳೂ ಹೀಗೆಯೇ ಮುಚ್ಚಿಹೋಗಿವೆ. ಆದರೆ ನನ್ನ ಪಾಲಿನ ತಪ್ಪನ್ನು ನಾನು ಗುರುತಿಸಿಕೊಳ್ಳಬೇಕು. ವಿಜ್ಞಾನವನ್ನು ಕಲಿಸಿದ್ದು ತಪ್ಪಲ್ಲ. ಒಂದು ವಸ್ತು ಹೇಗೆ ಹುಟ್ಟಿತೆಂದು ಹೇಳಿದ ಮಾತ್ರಕ್ಕೆ ಅದರ ವಿಷಯದಲ್ಲಿ ಹೇಳಬೇಕಾದುದೆಲ್ಲ ಮುಗಿಯಿತೆಂದು ಭಾವಿಸಿದ್ದು ತಪ್ಪು. ಅಜ್ಜಿಯ ಕಥೆ ಎರಡು ಕೆಲಸ ಮಾಡುತ್ತಿತ್ತು. ಪಳ್ಳದ ಹುಟ್ಟನ್ನು ವಿವರಿಸುತ್ತಿತ್ತು. ಆ ವಿವರಣೆ ಸುಳ್ಳು. ಪಳ್ಳದೊಡನೆ ನಾವು ಹೇಗೆ ನಡೆದುಕೊಳ್ಳಬೇಕೆಂದು ಹೇಳುತ್ತಿತ್ತು. ಆ ಮಾತು ಸತ್ಯ. ಅಜ್ಜಿ ತಲೆಯಿಟ್ಟಿದ್ದಾಳೆಂದು ಹೇಳಿದ ಇಳಿಜಾರು ಪಳ್ಳಕ್ಕೆ ನೀರುಣಿಸುವ ಇಳಿಜಾರೇ ಆಗಿತ್ತು. ಮೊದಲನೆಯದನ್ನು ಕಿತ್ತ ನಾನು ಎರಡನೆಯದಕ್ಕೆ ಬೇರೆ ಆಸರೆಯನ್ನು ಕಟ್ಟಿಕೊಡಬೇಕಾಗಿತ್ತು. ಅಡಿಯ ಜೇಡಿ ಕೊಚ್ಚಿಹೋದರೆ ಮೇಲಿನ ಕಲ್ಲು ಕುಸಿಯುತ್ತದೆಂದು ಮಕ್ಕಳಿಗೆ ಹೇಳಿಕೊಟ್ಟವನಿಗೆ ಇದು ಹೊಳೆಯಲಿಲ್ಲ.

ಕುಂಬಳೆಯ ಸಮೀಪದ ಅನಂತಪುರದ ಸರೋವರ ಕ್ಷೇತ್ರವನ್ನು ನೀವೆಲ್ಲ ನೋಡಿದ್ದೀರಿ. ಅಲ್ಲಿನ ಗುಹೆಯೊಳಗೆ ಮರೆಯಾದ ಬಾಲಕನನ್ನು ಬಿಲ್ವಮಂಗಲ ಸ್ವಾಮಿಗಳು ಅರಸುತ್ತ ತಿರುವನಂತಪುರದವರೆಗೆ ಹೋದರೆಂಬ ಐತಿಹ್ಯವಿದೆ. ಆ ಗುಹೆ ಅಷ್ಟು ದೂರ ಹೋಗುತ್ತದೆಯೆ ಎಂದು ಹಗ್ಗ ಹಿಡಿದು ಹೊರಡಬೇಕಾಗಿಲ್ಲ. ಆ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ತೀರಿಕೊಂಡಾಗ ಅದರ ಅಂತಿಮ ದರ್ಶನಕ್ಕೆ ಜನ ನೆರೆದರು. ನೈವೇದ್ಯದ ಅನ್ನ ತಿಂದೇ ಅದು ಬದುಕಿತ್ತೆಂಬುದನ್ನು ಪ್ರಾಣಿಶಾಸ್ತ್ರ ಬಲ್ಲವರು ಒಪ್ಪಲಾರರು. ಆದರೆ ಅಷ್ಟು ದೀರ್ಘಕಾಲ ನಿತ್ಯವೂ ಜನ ಬರುವ ಒಂದು ಕೆರೆಯಲ್ಲಿ ಮೊಸಳೆಗೆ ಜನರಿಂದ ತೊಂದರೆಯಾಗದೆ, ಜನರಿಗೆ ಮೊಸಳೆಯಿಂದ ಭಯವಾಗದೆ ಉಳಿದದ್ದು ಕಣ್ಣಿಗೆ ಕಂಡ ಸಂಗತಿ. ಅದನ್ನು ಕಾಪಾಡಿದ್ದು ಒಂದು ಕಥೆ.

ಹಾಗಾದರೆ ಹಿರಿಯರು ಹೇಳಿದ ಕಥೆಗಳನ್ನೆಲ್ಲ ಪ್ರಶ್ನಿಸದೆ ಉಳಿಸಿಕೊಳ್ಳಬೇಕೆ? ಖಂಡಿತ ಇಲ್ಲ. ಮಹಾರಾಷ್ಟ್ರದ ಮಹಾಡಿನಲ್ಲಿ ಒಂದು ಕೆರೆಯಿದೆ. ಹೆಸರು ‘ಚವದಾರ’, ರುಚಿಯಾದದ್ದು ಎಂದರ್ಥ. ಆ ರುಚಿಯಾದ ನೀರನ್ನು ಒಂದು ವರ್ಗದ ಜನ ಮುಟ್ಟಿದರೆ ಮೈಲಿಗೆಯಾಗುತ್ತದೆಂಬ ಕಥೆಯನ್ನೂ ಹಿರಿಯರೇ ಹೇಳಿದ್ದರು. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರು ತಮ್ಮ ಜನರೊಡನೆ ಅಲ್ಲಿಗೆ ಹೋಗಿ ಬೊಗಸೆಯಲ್ಲಿ ನೀರೆತ್ತಿ ಕುಡಿದಾಗ ಮುರಿದದ್ದು ಆ ಕಥೆ. ಅದು ಮುರಿಯಲೇಬೇಕಾಗಿತ್ತು. ನಮ್ಮ ಸೀಮೆಯ ಬಾವಿಕಟ್ಟೆಗಳಲ್ಲಿಯೂ ಅಂಥ ಕಥೆಗಳಿದ್ದುವೆಂಬುದನ್ನು ನನ್ನ ಪ್ರಾಯದವರು ಮರೆತಿಲ್ಲ. ಆದುದರಿಂದ ನಾನು ಒಂದು ಒರೆಗಲ್ಲನ್ನು ಇಟ್ಟುಕೊಂಡಿದ್ದೇನೆ. ಬಾಯಾರಿದವನನ್ನು ನೀರಿನ ಬಳಿಗೆ ಕರೆಯುವ ಕಥೆಯನ್ನು ಕಥೆಯೆಂದು ಹೇಳಿಯೇ ಮಕ್ಕಳಿಗೆ ದಾಟಿಸುತ್ತೇನೆ. ಅವನನ್ನು ಅಟ್ಟುವ ಕಥೆಯನ್ನು ದಾಟಿಸುವುದಿಲ್ಲ. ನಮ್ಮ ಅಜ್ಜಿಯ ಕಥೆ ಮೊದಲ ಜಾತಿಯದು. ಕೊಡಲಾರೆವೆಂದ ಊರಿಗೇ ಅವಳು ನೀರು ಕೊಟ್ಟು ಹೋದಳು.

ಇನ್ನು ಹೆಸರಿನ ಮಾತು. ಇದರಲ್ಲಿ ನನ್ನ ತಪ್ಪು ಇನ್ನೂ ಸ್ಪಷ್ಟವಾಗಿದೆ. ನಾನು ಮುಖ್ಯೋಪಾಧ್ಯಾಯನಾಗಿದ್ದಾಗ ಊರಿನ ಜಲಮೂಲಗಳ ಪಟ್ಟಿ ಕೇಳಿ ಒಂದು ಕಚೇರಿಯಿಂದ ನಮೂನೆ ಬಂತು. ಹೆಸರಿಗೆ ಒಂದೇ ಅಂಕಣ. ನಾನು ‘ಅಜ್ಜಿಕೆರೆ’ ಎಂದು ಬರೆದು ಅಭಿಮಾನದಿಂದ ಸಹಿ ಹಾಕಿದೆ. ಎರ್ಮೆಪಳ್ಳವನ್ನೂ ಆಮಕ್ಕುಳವನ್ನೂ ಬರೆಯಬಹುದಾಗಿತ್ತು, ಅಂಚಿನಲ್ಲಿ ಜಾಗವಿತ್ತು. ಬರೆಯಲಿಲ್ಲ. ಕುಂಬಳೆ ‘ಕುಂಬಳ’ವಾದಾಗ, ಮಂಜೇಶ್ವರ ‘ಮಂಜೇಶ್ವರಂ’ ಆದಾಗ ನಾವು ನೊಂದವರು. ಇದೇ ಸಂಘದ ವೇದಿಕೆಯಲ್ಲಿ ನಾನೂ ಆ ನೋವನ್ನು ಆಡಿದ್ದೇನೆ. ನನ್ನ ಕೈಗೆ ಲೇಖನಿ ಬಂದ ದಿನ ನಾನು ಮಾಡಿದ್ದು ಬೇರೇನು?

ಆ ಹೆಸರುಗಳೊಡನೆ ಅರಿವೂ ಹೋಯಿತು. ಎರ್ಮೆಪಳ್ಳವೆಂಬ ಹೆಸರು ಅದರ ಅಂಚು ತಗ್ಗೆಂದೂ ಕೆಸರೆಂದೂ ಹೇಳುತ್ತಿತ್ತು. ಆಮಕ್ಕುಳವೆಂಬ ಹೆಸರು ಅಲ್ಲಿ ಜೀವಿಗಳ ವಾಸವಿತ್ತೆಂದು ಸಾರುತ್ತಿತ್ತು. ‘ತಳವಿಲ್ಲದ್ದು’ ಎಂಬ ಮಕ್ಕಳ ಹೆಸರು ಈಜು ಬಾರದವರನ್ನು ದಡದಲ್ಲಿಯೇ ನಿಲ್ಲಿಸುತ್ತಿತ್ತು. ಅವರಿಗೆ 11 ಅಡಿ ನೀರು ತಳವಿಲ್ಲದ್ದೇ ಸರಿ. ಒಂದು ಪಳ್ಳವನ್ನು ನಾಲ್ಕು ದಿಕ್ಕಿನಿಂದ ನೋಡಿದ ನಾಲ್ಕು ಕಣ್ಣುಗಳಲ್ಲಿ ಮೂರನ್ನು ನಾನು ಒಂದು ಸಹಿಯಿಂದ ಮುಚ್ಚಿದೆ.

ಕೆಲವು ವರ್ಷಗಳ ಹಿಂದೆ ಕಣ್ಣೂರು ಜಿಲ್ಲೆಯ ಮಾಡಾಯಿಪ್ಪಾರಕ್ಕೆ ಹೋಗಿದ್ದೆ. ಅದೂ ನಮ್ಮಲ್ಲಿಯಂತೆಯೇ ಮುರಕಲ್ಲಿನ ಬಯಲು. ಮಳೆಗಾಲದಲ್ಲಿ ನೀಲಿ ಹೂ. ಅಲ್ಲಿ ಕೈಗನ್ನಡಿಯ ಆಕಾರದ ಒಂದು ಪುಟ್ಟ ಕೊಳವಿದೆ. ಜನ ಅದನ್ನು ‘ಜೂದಕ್ಕುಳಂ’ ಎನ್ನುತ್ತಾರೆ, ಯಹೂದಿಗಳ ಕೊಳ. ಎಂದೋ ಅಲ್ಲಿ ನೆಲಸಿದ್ದ ಯಹೂದಿಗಳು ಅದನ್ನು ತೋಡಿದರೆಂಬುದು ಹೇಳಿಕೆ. ಇಂದು ಅಲ್ಲಿ ಆ ಜನರಿಲ್ಲ. ಅವರ ಮಾತನ್ನು ಆಡುವವರಿಲ್ಲ. ಆದರೂ ಅವರ ಮತದವನಲ್ಲದ, ಅವರ ಭಾಷೆಯನ್ನು ಅರಿಯದ, ಮೇಕೆ ಮೇಯಿಸುವ ಹುಡುಗನೊಬ್ಬ ನನಗೆ ದಾರಿ ತೋರಿಸುತ್ತ ಅವರ ಹೆಸರನ್ನು ಹೇಳಿದ. ಯಾರೂ ಅವನಿಗೆ ಆಜ್ಞೆ ಮಾಡಿರಲಿಲ್ಲ. ಹೋದವರ ಹೆಸರನ್ನು ಇದ್ದವರು ಸುಮ್ಮನೆ ಉಳಿಸಿಕೊಂಡಿದ್ದರು.

ಆ ಕನ್ನಡಿಯಲ್ಲಿ ನಾನು ನಮ್ಮನ್ನೇ ಕಂಡೆ. 1956ರ ನವೆಂಬರ್ 1ರಿಂದ ನಾವು ಗಡಿಯ ಈಚೆ ಉಳಿದವರು. ನಮ್ಮ ಮಕ್ಕಳು ಮಂಗಳೂರು, ಬೆಂಗಳೂರು, ಕೊಲ್ಲಿ ದೇಶಗಳಲ್ಲಿದ್ದಾರೆ. ಕನ್ನಡ ಇಲ್ಲಿ ಅಳಿಯಬಾರದೆಂದು ನಾವು ಮಾಡುವ ಕೆಲಸವನ್ನು ಮಾಡುತ್ತಲೇ ಇರೋಣ. ಆದರೂ ಎಂದಾದರೊಂದು ದಿನ ‘ಅಜ್ಜಿಕೆರೆ’ ಎಂಬ ಮಾತು ಕನ್ನಡ ತಿಳಿಯದ ಒಂದು ಮಗುವಿನ ನಾಲಿಗೆಯಲ್ಲಿ ಮಾತ್ರ ಉಳಿಯುವ ಸ್ಥಿತಿ ಬಂದರೆ, ಆ ಮಗು ಅದನ್ನು ಉಳಿಸಿಕೊಳ್ಳಲಿ ಎಂದು ನಾನು ಬಯಸುತ್ತೇನೆ. ಇದನ್ನು ಬಯಸುವ ಅಧಿಕಾರ ನನಗೆ ಬರಬೇಕಾದರೆ, ಇಂದು ನಾನು ಎರ್ಮೆಪಳ್ಳವನ್ನೂ ಆಮಕ್ಕುಳವನ್ನೂ ಉಳಿಸಿರಬೇಕು.

ಆರಂಭದ ಪ್ರಶ್ನೆಗೆ ನನಗೆ ದೊರೆತ ಉತ್ತರ ಇಷ್ಟೆ: ಹೌದು, ನಮ್ಮ ಮೇಲೆ ಹಕ್ಕು ಇದೆ. ನಂಬದ ಕಥೆಯನ್ನು ನಂಬಿದಂತೆ ನಟಿಸಬೇಕಾಗಿಲ್ಲ. ಅದು ಹೊತ್ತಿದ್ದ ಹೊಣೆಯನ್ನು ನಾವು ಹೊರಬೇಕು. ಪರರ ಹೆಸರನ್ನು ನಮ್ಮದೆಂದು ಹೇಳಬೇಕಾಗಿಲ್ಲ. ನಮ್ಮ ಹೆಸರಿನ ಪಕ್ಕದಲ್ಲಿ ಅದಕ್ಕೂ ಒಂದು ಸಾಲು ಬಿಡಬೇಕು.

ಕಳೆದ ವರ್ಷ ನನ್ನ ಮೊಮ್ಮಗಳು ರಜೆಗೆ ಬಂದಾಗ ಇಬ್ಬರೂ ಕೂಡಿ ಒಂದು ನೋಟುಪುಸ್ತಕ ಮಾಡಿದೆವು. ನಮ್ಮ ಸುತ್ತಿನ ಪಳ್ಳ, ಮದಕ, ಕೆರೆ, ಕೊಳಗಳಿಗೆ ಯಾರ ಮನೆಯಲ್ಲಿ ಯಾವ ಹೆಸರೋ ಅದನ್ನೆಲ್ಲ ಕೇಳಿ ಬರೆದೆವು. ಇದುವರೆಗೆ 23 ಕೆರೆಗಳಿಗೆ 61 ಹೆಸರುಗಳು ಸಿಕ್ಕಿವೆ. ಸಂಘದ ಪ್ರತಿಯೊಂದು ಮನೆಯೂ ತನ್ನೂರಿನ ಒಂದು ಕೆರೆಗೆ ಇದನ್ನು ಮಾಡಬಹುದು. ಎಲ್ಲವನ್ನೂ ಕೂಡಿಸಿ ಮುಂದಿನ ಸಮ್ಮೇಳನದಲ್ಲಿ ಒಂದು ಪುಸ್ತಿಕೆಯಾಗಿ ತರಬಹುದು. ಮೊಮ್ಮಗಳು ಅಜ್ಜಿಯ ಕಥೆ ಕೇಳಿ, “ಇದು ನಿಜವಾ ಅಜ್ಜ?” ಎಂದಳು. ಕೆರೆ ಹುಟ್ಟಿದ್ದು ಹಾಗಲ್ಲ ಎಂದು ಮುರಕಲ್ಲಿನ ಪಾಠವನ್ನು ಮತ್ತೊಮ್ಮೆ ಹೇಳಿದೆ. ಈ ಸಲ ಪಾಠ ಅಲ್ಲಿಗೆ ಮುಗಿಯಲಿಲ್ಲ. ಪತ್ತನಾಜೆಯ ಮುನ್ನಾದಿನ ಇಬ್ಬರೂ ಬುಟ್ಟಿ ಹಿಡಿದು ಹೋಗಿ, ಅವಳು ಒಂದು, ನನ್ನ ಮಂಡಿನೋವಿಗೆ ತಕ್ಕಂತೆ ನಾನು ಅರ್ಧ, ಮಣ್ಣು ಎತ್ತಿ ಹಾಕಿ ಬಂದೆವು.