ಬೆಲ್ಲ ತಿಂದವರ ಬರವಣಿಗೆ

‘ಬಲ್ಲವನೇ ಬಲ್ಲ ಬೆಲ್ಲದ ರುಚಿಯ’ ಎಂಬ ಗಾದೆಯನ್ನು ನಾವು ಹೆಚ್ಚಾಗಿ ಬಳಸುವುದು ಎದುರಿಗಿದ್ದವರ ಬಾಯಿ ಮುಚ್ಚಿಸಲು. ಕಛೇರಿಯ ನಡುವೆ ಆಕಳಿಸಿ ಎದ್ದುಹೋದವನ ಬೆನ್ನಿಗೆ, ರಾಗಿಮುದ್ದೆ ಕಂಡು ಮೂಗು ಮುರಿದ ನೆಂಟರಿಗೆ ಈ ಮಾತು ಸಿದ್ಧವಾಗಿಯೇ ಇರುತ್ತದೆ. ನಿನಗೇನು ಗೊತ್ತು ಎಂದು ನೇರವಾಗಿ ಹೇಳಲಾರದವರು ಹೇಳುವ ಬಗೆ ಇದು.

ಹರಿಕಥೆ, ಪ್ರವಚನಗಳ ಅಂಗಳಕ್ಕೆ ಬಂದರೆ ಇದೇ ಗಾದೆ ಅನುಭಾವದ ಕಡೆಗೆ ತಿರುಗುತ್ತದೆ. ದೇವರನ್ನು ಕಂಡವರು ಕಂಡದ್ದನ್ನು ಹೇಳಲಾರರು. ಕಬೀರನ ಪರಂಪರೆಯಲ್ಲಿ ಬೆಲ್ಲ ಮೆದ್ದ ಮೂಕನೊಬ್ಬ ಮತ್ತೆ ಮತ್ತೆ ಬರುತ್ತಾನೆ; ರುಚಿ ಗೊತ್ತು, ಮಾತಿಲ್ಲ, ಮುಖದಲ್ಲಿ ನಗು ಮಾತ್ರ. ಆದರೆ ಇಲ್ಲೊಂದು ತೊಡಕಿದೆ. ತಿಂದವನು ಹೇಳಲಾರ, ತಿನ್ನದವನು ಅರಿಯಲಾರ ಎಂದಾದರೆ ಅನುಭಾವದ ಬಗ್ಗೆ ಕಪಾಟುಗಟ್ಟಲೆ ಪುಸ್ತಕ ಬರೆದವರು ಯಾರು? ಬರೆದದ್ದಾದರೂ ಏನನ್ನು? ಬೆಂಗಳೂರು ದಂಡಿನಲ್ಲಿ ಸುಮಾರು ಒಂದು ವರ್ಷ ಇದ್ದು ಹೋದ ಐರಿಷ್ ಲೇಖಕಿಯೊಬ್ಬರ ಬದುಕನ್ನು ಪಕ್ಕಕ್ಕಿಟ್ಟುಕೊಂಡರೆ ಗಾದೆ ಬೇರೆಯದೇ ರೀತಿಯಲ್ಲಿ ಬಿಚ್ಚಿಕೊಳ್ಳುತ್ತದೆ.

ಹೆಸರು ಏಮಿ ಕಾರ್ಮೈಕೆಲ್. 1867ರ ಡಿಸೆಂಬರ್ 16ರಂದು ಐರ್ಲೆಂಡಿನ ಮಿಲಿಸ್ಲ್ ಎಂಬ ಕಡಲತೀರದ ಹಳ್ಳಿಯಲ್ಲಿ ಹುಟ್ಟಿದವರು. ಬೆಲ್‌ಫಾಸ್ಟ್‌ನ ಗಿರಣಿಗಳಲ್ಲಿ ದುಡಿಯುತ್ತಿದ್ದ, ಟೋಪಿಗೆ ಕಾಸಿಲ್ಲದೆ ಶಾಲು ಹೊದ್ದೇ ಓಡಾಡುತ್ತಿದ್ದ ಹುಡುಗಿಯರ ನಡುವೆ ಮೊದಲು ಕೆಲಸ ಮಾಡಿದರು. 1893ರಲ್ಲಿ ಜಪಾನಿಗೆ ಹೋದರು, ವರ್ಷವೊಂದು ಕಳೆಯುತ್ತಲೇ ಕಾಯಿಲೆ ಬಿದ್ದು ಹಿಂದಿರುಗಿದರು. ಇಂಥ ದೇಹಕ್ಕೆ ಒಗ್ಗುವ ಊರು ಯಾವುದು ಎಂದು ಯೋಚಿಸುತ್ತಿದ್ದಾಗ ಬೆಂಗಳೂರಿನಲ್ಲಿದ್ದ ದಾದಿ ಗೆಳತಿಯಿಂದ ಕಾಗದ ಬಂತು: ಇಲ್ಲಿನ ಹವೆ ಚೆನ್ನಾಗಿದೆ. ಬೆಂಗಳೂರಿನ ಹವೆಯನ್ನು ನಂಬಿ ಬಂದವರ ಉದ್ದದ ಸಾಲಿನಲ್ಲಿ ಏಮಿ ಕೂಡ ಒಬ್ಬರು. 1895ರ ಕೊನೆಗೆ ಮದ್ರಾಸಿನಲ್ಲಿಳಿದು ಬೆಂಗಳೂರು ತಲುಪಿದಾಗ ಮೈ ಸುಡುತ್ತಿತ್ತು, ಡೆಂಗೆ ಜ್ವರ. ಈಕೆ ಆರು ತಿಂಗಳು ಉಳಿದರೆ ಹೆಚ್ಚು ಎಂದು ನೋಡಿದವರು ಮಾತಾಡಿಕೊಂಡರಂತೆ. ಏಮಿ ಆಮೇಲೆ ಒಮ್ಮೆಯೂ ತವರಿಗೆ ಹೋಗದೆ ಐವತ್ತೈದು ವರ್ಷ ಇಂಡಿಯಾದಲ್ಲಿ ಬಾಳಿದರು.

ಕಳಿಸಿದ್ದು ಚರ್ಚ್ ಆಫ್ ಇಂಗ್ಲೆಂಡಿನ ಜೆನಾನಾ ಮಿಷನ್. ಮನೆಯ ಹೊಸ್ತಿಲು ದಾಟದ ಹೆಂಗಸರ ಬಳಿಗೆ ಹೆಂಗಸರೇ ಹೋಗಿ ಮದ್ದು ಕೊಡುವುದು, ಅಕ್ಷರ ಕಲಿಸುವುದು, ಜೊತೆಗೆ ಬೈಬಲ್ ಹೇಳುವುದು ಆ ಸಂಸ್ಥೆಯ ಕೆಲಸ. ಶಿವಾಜಿನಗರದ ಹಜರತ್ ಕಂಬಲ್ ಪೋಷ್ ರಸ್ತೆಯಲ್ಲಿ ಇಂದಿಗೂ ನಡೆಯುತ್ತಿರುವ ಸಿಎಸ್‌ಐ ಆಸ್ಪತ್ರೆಯ ಬೇರು ಇರುವುದು ಆ ಜೆನಾನಾ ಮಿಷನ್ನಿನಲ್ಲಿಯೇ. ಆಗ ಶಿವಾಜಿನಗರಕ್ಕೆ ಬ್ಲ್ಯಾಕ್‌ಪಲ್ಲಿ ಎಂದು ಹೆಸರು. ಸಂತ ಮೇರಿಯ ಎತ್ತರದ ಚರ್ಚು 1882ರಲ್ಲಿಯೇ ಎದ್ದು ನಿಂತಿತ್ತು. ಹಲಸೂರಿನ ಕಡೆಯ ತುದಿಯಲ್ಲಿ ಹೋಲಿ ಟ್ರಿನಿಟಿ ಅದಕ್ಕೂ ಹಳೆಯದು. 1809ರಲ್ಲಿ ಪಟಾಲಂ ಬಂದು ಬೀಡುಬಿಟ್ಟಲ್ಲಿಂದ ಬೆಳೆದ ದಂಡು ಮೈಸೂರು ಅರಸರ ಕೈಯಿಂದ ಜಾರಿ ರೆಸಿಡೆಂಟರ ಆಡಳಿತಕ್ಕೆ ಒಳಪಟ್ಟಿತ್ತು. ಅಲ್ಲಿನ ಬೀದಿಯ ಮಾತು ಹೆಚ್ಚಾಗಿ ತಮಿಳು. ಹಾಗಾಗಿ ಏಮಿ ಕಲಿಯಲು ಕೂತದ್ದೂ ತಮಿಳನ್ನೇ.

ದಂಡಿನ ಮಿಷನರಿ ಬದುಕು ಅವರಿಗೆ ರುಚಿಸಲಿಲ್ಲ. ಸಂಜೆಯ ಚಹಾಕೂಟ, ಯಾರದೋ ಬಗ್ಗೆ ಹರಟೆ, ಬಿಳಿಯರು ಬಿಳಿಯರೊಡನೆ. ಪ್ರಾರ್ಥನೆ ಇತ್ತು, ಆಸ್ಪತ್ರೆಯ ದುಡಿತವೂ ಇತ್ತು. ಆದರೂ ಅಲ್ಲಿ ಅವರು ಒಂಟಿಯಾಗಿಯೇ ಉಳಿದರು. 1896ರಲ್ಲಿ ತಿರುನೆಲ್ವೇಲಿಯ ಥಾಮಸ್ ವಾಕರ್ ಎಂಬ ಮಿಷನರಿ ತಮಿಳು ಕಲಿಸಲು ಒಪ್ಪಿದ್ದೇ ನೆಪವಾಗಿ ಬೆಂಗಳೂರನ್ನು ಬಿಟ್ಟು ದಕ್ಷಿಣಕ್ಕೆ ಹೋದರು. ಬೆಲ್ಲದ ಅಂಗಡಿಯಲ್ಲಿ ಕೂತ ಮಾತ್ರಕ್ಕೆ ರುಚಿ ಗೊತ್ತಾಗುವುದಿಲ್ಲ ಎಂಬುದು ಗಾದೆಯ ಮೊದಲ ಪದರವಾದರೆ, ಏಮಿಗೆ ಅದು ಮನವರಿಕೆಯಾದದ್ದು ಇಲ್ಲಿ, ದಂಡಿನ ಬಂಗಲೆಗಳ ನಡುವೆ ಎನ್ನಬೇಕು.

ಗಾದೆಯ ಎರಡನೆಯ ಪದರ ಮೌನ. ಜಪಾನಿನ ಅರಿಮಾ ಎಂಬಲ್ಲಿ, ಬೆಂಗಳೂರಿಗೆ ಬರುವ ಮೊದಲೇ, ಅವರಿಗೊಂದು ಅನುಭವವಾಗಿತ್ತು. ಮದುವೆಯಿಲ್ಲದ ಮುಂದಿನ ವರ್ಷಗಳನ್ನು ನೆನೆದು ದಿಗಿಲಾಗಿ ಬೆಟ್ಟದ ಗವಿಯೊಂದರಲ್ಲಿ ಕೂತಿದ್ದಾಗ, ನಂಬಿದವರನ್ನು ಕೈಬಿಡುವುದಿಲ್ಲ ಎಂಬ ಅಭಯ ಒಳಗೇ ಕೇಳಿಸಿತು. ನಾಲ್ಕು ದಶಕಕ್ಕೂ ಹೆಚ್ಚು ಕಾಲ ಅದನ್ನು ಯಾರ ಮುಂದೂ ಬಾಯಿಬಿಡಲಿಲ್ಲ. ಅದೇ ದಿಗಿಲಿನಲ್ಲಿದ್ದ, ತಾವೇ ಸಾಕಿದ ಮಗಳೊಬ್ಬಳಿಗೆ ಕೊನೆಗೆ ಹೇಳಿದರು. ಮೂವತ್ತಕ್ಕೂ ಹೆಚ್ಚು ಪುಸ್ತಕ ಬರೆದ ಕೈ ಅದು. ತನ್ನ ಅತಿ ದೊಡ್ಡ ಸಿಹಿಯನ್ನು ಮಾರಾಟಕ್ಕಿಡದ ಬರಹಗಾರರು ಎಷ್ಟು ಮಂದಿ ಸಿಕ್ಕಾರು?

ಹಾಗಾದರೆ ಬರೆದದ್ದು ಏನನ್ನು? ಕಹಿಯನ್ನು. 1901ರ ಮಾರ್ಚಿನಲ್ಲಿ ಪ್ರೀನಾ ಎಂಬ ಏಳು ವರ್ಷದ ಹುಡುಗಿ, ಹೆಣ್ಣುಮಕ್ಕಳನ್ನು ದೇವದಾಸಿಯರಾಗಿಸಲು ಇಟ್ಟುಕೊಳ್ಳುತ್ತಿದ್ದ ದೇವಸ್ಥಾನದ ಮನೆಯಿಂದ ತಪ್ಪಿಸಿಕೊಂಡು ಅವರ ಮಡಿಲಿಗೆ ಬಂದಳು. ಹಿಂದೊಮ್ಮೆ ಓಡಿಹೋಗಿದ್ದಕ್ಕೆ ಅವಳ ಪುಟ್ಟ ಕೈಗಳಿಗೆ ಬರೆ ಹಾಕಿದ್ದರು. ಇಂಥ ಮಕ್ಕಳಿಗಾಗಿ ತಿರುನೆಲ್ವೇಲಿ ಸೀಮೆಯ ದೋಣಾವೂರಿನ ಮನೆ ಬೆಳೆಯಿತು. ಏಮಿ ‘ಅಮ್ಮಾ’ ಆದರು, ಸೀರೆ ಉಟ್ಟರು. ದಕ್ಷಿಣದ ಹಳ್ಳಿಗಳಲ್ಲಿ ಕಂಡದ್ದನ್ನು, ಮಿಷನ್ನಿನ ಸೋಲುಗಳನ್ನೂ ಸೇರಿಸಿ, ಬರೆದು ಊರಿಗೆ ಕಳಿಸಿದರೆ ಅಲ್ಲಿನ ಸಮಿತಿಯವರು ಹಸ್ತಪ್ರತಿಯನ್ನು ಹಿಂದಕ್ಕೆ ಕಳಿಸಿದರು: ಇನ್ನಷ್ಟು ಉತ್ಸಾಹ ತುಂಬುವಂತೆ ಬರೆಯಿರಿ! ದೇಣಿಗೆ ಕೊಡುವವರಿಗೆ ಗೆಲುವಿನ ಕಥೆ ಬೇಕಿತ್ತು. 1903ರಲ್ಲಿ ಅದು ‘ಥಿಂಗ್ಸ್ ಆಸ್ ದೇ ಆರ್’ ಎಂಬ ಹೆಸರಿನಲ್ಲಿ ಅಚ್ಚಾದಾಗ ಓದುಗರು ನಂಬಲಿಲ್ಲ. ಹೌದು, ಇದು ನಿಜ ಎಂದು ಬೇರೆ ಮಿಷನರಿಗಳು ಬರೆದುಕೊಟ್ಟ ಮಾತುಗಳನ್ನು ಮುಂದಿನ ಮುದ್ರಣಕ್ಕೆ ಸೇರಿಸಬೇಕಾಯಿತು. ಬಲ್ಲವರ ಮಾತಿಗೆ ಬಲ್ಲವರದೇ ಸಾಕ್ಷಿ.

ಅನುಭಾವಿಗಳ ಪುಸ್ತಕಗಳನ್ನು ಏಮಿ ಹಸಿದವರಂತೆ ಓದುತ್ತಿದ್ದರು. ಹದಿನಾಲ್ಕನೆಯ ಶತಮಾನದ ಇಂಗ್ಲೆಂಡಿನ ಜೂಲಿಯನ್, ಸ್ಕಾಟ್ಲೆಂಡಿನ ರದರ್‌ಫರ್ಡ್, ಜರ್ಮನಿಯ ಟೆರ್‌ಸ್ಟೀಗನ್ ಏಮಿಯ ಬರಹಗಳಲ್ಲಿ ಆಗಾಗ ಇಣುಕುತ್ತಾರೆ. 1916ರಲ್ಲಿ ದೋಣಾವೂರಿನ ಯುವತಿಯರ ಪುಟ್ಟ ಗುಂಪೊಂದಕ್ಕೆ ‘ಸಿಸ್ಟರ್ಸ್ ಆಫ್ ದಿ ಕಾಮನ್ ಲೈಫ್’ ಎಂದು ಹೆಸರಿಟ್ಟರು. ಥಾಮಸ್ ಎ ಕೆಂಪಿಸ್ ಬೆಳೆದು ಬಂದ ನೆದರ್ಲೆಂಡಿನ ಹಳೆಯ ಸಹೋದರ ಬಳಗದ ನೆನಪು ಅದು. ಮಗುವಿನ ಬಟ್ಟೆ ಒಗೆಯುವುದಕ್ಕೂ ಪ್ರಾರ್ಥನೆಗೂ ನಡುವೆ ಗೆರೆ ಎಳೆಯಬಾರದು ಎಂಬುದು ಆ ಗುಂಪಿನ ನಡೆ. ಕಾಯಕದ ಮಾತು ಕೇಳಿ ಬೆಳೆದ ಕನ್ನಡಿಗರಿಗೆ ಇದು ಹೊಸದೆನಿಸದು.

ಗಾದೆ ಪೂರ್ತಿ ಬಿಚ್ಚಿಕೊಳ್ಳುವುದು 1931ರಲ್ಲಿ. ಅಕ್ಟೋಬರ್ 24ರ ಮಬ್ಬುಗತ್ತಲಲ್ಲಿ, ದವಾಖಾನೆಗೆಂದು ಬಾಡಿಗೆಗೆ ಹಿಡಿದ ಮನೆಯೊಂದನ್ನು ನೋಡಲು ಹೋದ ಏಮಿ ಹೊಸದಾಗಿ ತೋಡಿದ್ದ ಗುಂಡಿಗೆ ಬಿದ್ದರು. ಕಾಲು ಮುರಿಯಿತು, ನೋವು ಬೆನ್ನಿಗೇರಿತು. 1951ರ ಜನವರಿ 18ರಂದು ತೀರಿಕೊಳ್ಳುವವರೆಗೆ ಹೆಚ್ಚುಕಡಿಮೆ ಒಂದೇ ಕೋಣೆ, ಒಂದೇ ಹಾಸಿಗೆ. ಮಲಗಿದವರಿಗೆ ಧೈರ್ಯ ತುಂಬುವ ಕಿರುಹೊತ್ತಗೆಗಳು ಅವರ ಕೈಗೆ ಬಂದವು. ಓದಿದರೆ ಒಂದೂ ಒಳಗೆ ಇಳಿಯಲಿಲ್ಲ. ಎಲ್ಲವನ್ನೂ ಬರೆದವರು ಆರೋಗ್ಯವಂತರು. ನೋವನ್ನು ಸಹಿಸುವುದು ಹೇಗೆಂದು ಕುರ್ಚಿಯಲ್ಲಿ ಕೂತು ಉಪದೇಶಿಸಿದ ಆ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಕಾಯಿಲೆಯವರಿಗೆ ಕಾಯಿಲೆಯವರೇ ಬರೆದ ಪುಸ್ತಕವೊಂದು ಬೇಕೆಂದು ತಾವೇ ಬರೆದರು. 1933ರಲ್ಲಿ ಬಂದ ‘ರೋಸ್ ಫ್ರಮ್ ಬ್ರಯರ್’ ಹುಟ್ಟಿದ್ದು ಹೀಗೆ. ಮೊದಲಿಗೆ ಅವು ಕಾಯಿಲೆಯವರಿಗೆ ಬರೆದ ಕಾಗದಗಳು. ನಿದ್ದೆ ಬಾರದ ರಾತ್ರಿ, ತನ್ನಿಂದ ಇತರರಿಗೆ ತೊಂದರೆ ಎಂಬ ಕೊರಗು, ವಾಸಿಯಾಗುತ್ತದೆಂದು ಪ್ರಾರ್ಥಿಸಿ ಆಗದಿದ್ದಾಗಿನ ಸುಸ್ತು, ಎಲ್ಲವೂ ಅಲ್ಲಿವೆ. ಅವರ ಪುಸ್ತಕಗಳಲ್ಲಿ ಇದಕ್ಕಿಂತ ನೇರವಾದದ್ದು ಇನ್ನೊಂದಿಲ್ಲ ಎಂದೇ ಹೇಳಬೇಕು. ಗಾದೆ ಇಲ್ಲಿ ಬಾಯಿ ಮುಚ್ಚಿಸುವುದಿಲ್ಲ. ತಿಂದವರು ತಿಂದವರ ಜೊತೆ ಮಾತಾಡಲು ಜಾಗ ಮಾಡಿಕೊಡುತ್ತದೆ.

ಆದರೆ ಗಾದೆಗೆ ಮುಲಾಜಿಲ್ಲ, ಅದು ಏಮಿಯತ್ತಲೂ ತಿರುಗುತ್ತದೆ. ಅದಕ್ಕೆ ಅವರದೇ ಕಾಲದ ಇನ್ನೊಬ್ಬ ಲೇಖಕಿಯನ್ನು ಕರೆಯಬೇಕು. ಈವ್ಲಿನ್ ಅಂಡರ್‌ಹಿಲ್ 1875ರಲ್ಲಿ ಇಂಗ್ಲೆಂಡಿನ ವುಲ್ವರ್‌ಹ್ಯಾಂಪ್ಟನ್‌ನಲ್ಲಿ ಹುಟ್ಟಿದವರು, ವಕೀಲರ ಮಗಳು, ವಕೀಲರ ಹೆಂಡತಿ. 1911ರಲ್ಲಿ ಅವರು ಬರೆದ ‘ಮಿಸ್ಟಿಸಿಸಂ’ ಇವತ್ತಿಗೂ ಆ ವಿಷಯದ ದೊಡ್ಡ ಗ್ರಂಥ. ನೂರಾರು ಅನುಭಾವಿಗಳನ್ನು ಓದಿ, ಅವರು ಸಾಗಿದ ದಾರಿಯನ್ನು ಐದು ಹಂತಗಳಾಗಿ ಬಿಡಿಸಿಟ್ಟರು. ಹತ್ತು ವರ್ಷ ಕಳೆದ ಮೇಲೆ ಒಳಗೆ ಒಣಗಿದಂತಾಗಿ ಫ್ರೆಡ್ರಿಕ್ ಫಾನ್ ಹ್ಯೂಗಲ್ ಎಂಬ ಹಿರಿಯರ ಬಳಿ ಮಾರ್ಗದರ್ಶನ ಕೇಳಿದರು. ಅವರು ಕೊಟ್ಟ ಮದ್ದು: ವಾರಕ್ಕೆ ಎರಡು ಮಧ್ಯಾಹ್ನ ಬಡವರ ಮನೆಗಳಿಗೆ ಹೋಗಿ ಬನ್ನಿ. ಬೆಲ್ಲದ ಬಗ್ಗೆ ಎಲ್ಲ ತಿಳಿದವರಿಗೂ ಗಲ್ಲಿಯೊಳಗೆ ಹೋಗಿ ಬಾ ಎನ್ನಬೇಕಾಯಿತು. ಏಮಿಗೆ ಅದನ್ನು ಯಾರೂ ಹೇಳಬೇಕಿರಲಿಲ್ಲ, ಬೆಲ್‌ಫಾಸ್ಟಿನಿಂದಲೇ ಅವರು ಗಲ್ಲಿಯಲ್ಲಿದ್ದರು.

ಏಮಿ ಸೋಲುವುದು ಮತ್ತೊಂದು ಕಡೆ. ಅಂಡರ್‌ಹಿಲ್ ಲಂಡನ್ನಿನಲ್ಲಿ ರವೀಂದ್ರನಾಥ ಠಾಕೂರರ ಜೊತೆ ಕೂತು ಕಬೀರನ ನೂರು ಪದಗಳನ್ನು ಇಂಗ್ಲಿಷಿಗೆ ತಂದರು. ಆ ಪದಗಳಲ್ಲಿ ಹಲವು ಹಳೆಯ ಹಸ್ತಪ್ರತಿಗಳಲ್ಲಿಲ್ಲ ಎಂದು ವಿದ್ವಾಂಸರು ಆಮೇಲೆ ತೋರಿಸಿಕೊಟ್ಟದ್ದು ಬೇರೆ ಮಾತು. ಇನ್ನೊಬ್ಬರ ಮನೆಯಲ್ಲೂ ಸಿಹಿ ಇರಬಹುದೆಂದು ಅಂಡರ್‌ಹಿಲ್ ಕೈ ಚಾಚಿದರಲ್ಲ, ಅದು ಮುಖ್ಯ. ಇಂಡಿಯಾದ ಮಣ್ಣಿನಲ್ಲೇ ಐವತ್ತು ವರ್ಷ ಕಳೆದ ಏಮಿಯ ಪುಸ್ತಕಗಳಲ್ಲಿ ಗುಡಿಯ ಒಳಗು ಬರೀ ಕತ್ತಲೆ. ಪ್ರೀನಾಳ ಸುಟ್ಟ ಕೈ ನೋಡಿದವರಿಗೆ ಬೇರೇನು ಕಂಡೀತು ಎಂದು ಕೇಳಬಹುದು, ಆ ಪ್ರಶ್ನೆಗೆ ತೂಕವಿದೆ; ದೇವದಾಸಿ ಪದ್ಧತಿಯನ್ನು ಮೈಸೂರು ಸರ್ಕಾರವೇ 1909ರಲ್ಲಿ ತನ್ನ ಮುಜರಾಯಿ ದೇವಸ್ಥಾನಗಳಲ್ಲಿ ನಿಲ್ಲಿಸಿತು. ಆದರೂ ಹಲಸೂರಿನ ಸೋಮೇಶ್ವರನ ಗುಡಿಗೆ ಬೆಳಗ್ಗೆ ಹೂವು ತರುವ ಮುದುಕಿ ಯಾವ ರುಚಿಗಾಗಿ ಬರುತ್ತಾಳೆ ಎಂಬ ಕುತೂಹಲ ಅವರ ಬರವಣಿಗೆಯಲ್ಲಿ ಕಾಣುವುದಿಲ್ಲ. ಮನೆ, ಮದುವೆ ಬಿಟ್ಟು ದೇವರೊಬ್ಬನನ್ನೇ ಗಂಡನೆಂದ ಅಕ್ಕಮಹಾದೇವಿಯನ್ನು ಅವರು ಓದಿದ್ದರೆ, ಅರಿಮಾದ ಗವಿಯಲ್ಲಿ ಕೂತಿದ್ದವಳ ಅಕ್ಕನೇ ಎದುರಾಗುತ್ತಿದ್ದಳು.

ಅದಕ್ಕೆ ಕನ್ನಡ ಬೇಕಿತ್ತು. ಬಾಸೆಲ್ ಮಿಷನ್ನಿನ ಕಿಟೆಲ್ ಈ ನಾಡಿನ ಮಾತು, ಗಾದೆ, ಹಳೆಯ ಕಾವ್ಯಗಳ ಪದಗಳನ್ನು ದಶಕಗಳ ಕಾಲ ಕೂಡಿಹಾಕಿ ಮಂಗಳೂರಿನಲ್ಲಿ ನಿಘಂಟು ಅಚ್ಚು ಹಾಕಿಸಿದ್ದು 1894ರಲ್ಲಿ. ಏಮಿ ಜ್ವರ ಹೊತ್ತು ದಂಡಿಗೆ ಬಂದಾಗ ಆ ಪುಸ್ತಕಕ್ಕೆ ಒಂದು ವರ್ಷ. ಎಂ.ಜಿ. ರಸ್ತೆಯಲ್ಲಿ ಈಗ ಕಿಟೆಲ್ ಪ್ರತಿಮೆ ಇದೆ, ಪಕ್ಕದ ಆಸ್ಟಿನ್ ಟೌನ್‌ಗೆ ಕಿಟೆಲ್ ನಗರ ಎಂಬ ಹೆಸರೂ ಬಂದಿದೆ. ಆದರೆ 1896ರ ದಂಡಿನಲ್ಲಿ, ಮುನ್ಷಿಯ ಮುಂದೆ ಕೂತು ತಮಿಳಿನ ಅಕ್ಷರ ತಿದ್ದುತ್ತಿದ್ದ ಏಮಿಯ ಮೇಜಿಗೆ ಆ ನಿಘಂಟು ಬರಲು ಕಾರಣವೇ ಇರಲಿಲ್ಲ.