ಅಪ್ಪನ ಆಟ

ಆಟದ ಹುಚ್ಚಿದ್ದ ಅಪ್ಪ ಇದ್ದಕ್ಕಿದ್ದಂತೆ ತೀರಿಕೊಂಡ ಮನೆಗೆ ಬಂದವರು ಕೇಳುವುದು ಒಂದೇ ಮಾತು: ‘ನೆನ್ನೆ ಚೆನ್ನಾಗೇ ಇದ್ರಲ್ಲ, ಏನಾಯ್ತು?’ ಹುಣಸೂರಾಗಲಿ, ಪಿರಿಯಾಪಟ್ಟಣವಾಗಲಿ, ಆಚೀಚಿನ ಹಳ್ಳಿಗಳಾಗಲಿ, ಈ ಪ್ರಶ್ನೆ ಬದಲಾಗುವುದಿಲ್ಲ. ಮಕ್ಕಳು ಬಂದವರಿಗೆಲ್ಲ ಹೇಳುತ್ತಾರೆ: ಎದ್ದರು, ಕಾಫಿ ಕುಡಿದರು, ಎದೆ ಹಿಡಿದುಕೊಂಡು ಕೂತರು. ತಿಥಿಯ ಹೊತ್ತಿಗೆ ಆ ಒಂದು ಗಂಟೆಯ ಕಥೆ ಎಲ್ಲರಿಗೂ ಬಾಯಿಪಾಠ. ಅದಕ್ಕೂ ಹಿಂದಿನ ಐವತ್ತು ಅರವತ್ತು ವರ್ಷಗಳನ್ನು ಕೇಳಿದವರೇ ಇಲ್ಲ.

ಅದರ ಬೆನ್ನಿಗೇ ಮಕ್ಕಳನ್ನು ಇನ್ನೂ ಹೆಚ್ಚು ನೋಯಿಸುವ ಮಾತು ಬರುತ್ತದೆ: ‘ಅಷ್ಟೆಲ್ಲ ಸಾಮು ಮಾಡಿ ಏನು ಬಂತು?’ 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೋದಾಗ ನಾಡಿಗೆ ನಾಡೇ ಇದನ್ನು ಕೇಳಿತು. ಎಲ್ಲಿ ಹೋದರೂ ಜಿಮ್ ಮಾತು, ಹೃದಯದ ಮಾತು. ವ್ಯಾಯಾಮವೆಂದರೆ ಸಾವಿನ ಜೊತೆ ಬರೆದುಕೊಂಡ ಕರಾರು ಎಂದು ನಾವು ತಿಳಿದಿದ್ದೇವೆ. ಅದು ಮುರಿದಾಗ ಮೋಸಹೋದೆವು ಅನ್ನಿಸುತ್ತದೆ. ಆದರೆ ಬೆಳಗಿನ ಜಾವ ಎದ್ದು ಗರಡಿಗೆ ಹೋಗುವವನು ಆಯುಸ್ಸಿನ ಲೆಕ್ಕ ಹಾಕಿಕೊಂಡು ಹೋಗುವುದಿಲ್ಲ. ಆಟದ ಸುಖಕ್ಕೆ ಹೋಗುತ್ತಾನೆ. ಆ ಸುಖ ಅವನಿಗೆ ಆ ದಿನವೇ ಸಂದಿರುತ್ತದೆ. ಯಾವ ಸಾವೂ ಅದನ್ನು ವಾಪಸು ಕೇಳಲಾರದು.

ಮೈಸೂರು ಸೀಮೆಯ ಗರಡಿಮನೆಯಲ್ಲಿ ಒಂದು ಹೊತ್ತು ನಿಂತು ನೋಡಬೇಕು. ಕೆಮ್ಮಣ್ಣನ್ನು ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಶಿನ, ನಿಂಬೆರಸ ಬೆರೆಸಿ ಹದ ಮಾಡಿದ ಮಟ್ಟಿ. ಪೈಲ್ವಾನ ಅದನ್ನು ಮುಟ್ಟಿ ಹಣೆಗೆ ಒತ್ತಿಕೊಳ್ಳುತ್ತಾನೆ. ಆಮೇಲೆ ತನ್ನ ಮೈಗೂ ಎದುರಾಳಿಯ ಮೈಗೂ ಮಣ್ಣು ಹಚ್ಚುತ್ತಾನೆ, ಬೆವರಿಗೆ ಕೈ ಜಾರದಿರಲಿ ಎಂದು. ತನ್ನನ್ನು ಕೆಡವಲು ಬಂದವನಿಗೂ ಹಿಡಿತ ಸಿಗಲಿ ಎನ್ನುವ ಆಟ ಇದು.

ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಯೌವನದಲ್ಲಿ ಕುಸ್ತಿಪಟು. 1915ರ ಆಗಸ್ಟ್ 20ರಂದು ಹುಟ್ಟಿದವರು, ಬಿ.ಎಸ್‌ಸಿ. ಓದಿ ಊರಿಗೆ ಮರಳಿ ಬೇಸಾಯಕ್ಕೆ ನಿಂತವರು, ಮೂವರು ಹೆಣ್ಣುಮಕ್ಕಳ ಅಪ್ಪ. 1982ರ ಜೂನ್ 6ರಂದು, 66ನೇ ವಯಸ್ಸಿನಲ್ಲಿ, ಹಠಾತ್ತನೆ ತೀರಿಕೊಂಡಾಗ ಮುಖ್ಯಮಂತ್ರಿ ಪದವಿ ಕೈಬಿಟ್ಟು ಎರಡು ವರ್ಷ ದಾಟಿತ್ತು. ಕೊನೆಯನ್ನಷ್ಟೇ ಹಿಡಿದರೆ ಅದು ಸೋತವರ ಬದುಕು. ಗೇಣಿದಾರನನ್ನು ಭೂಮಿಯ ಒಡೆಯನನ್ನಾಗಿಸಿದ 1974ರ ಭೂಸುಧಾರಣೆ, ಹಿಂದುಳಿದ ವರ್ಗಗಳ ಹಾವನೂರು ಆಯೋಗ, ತಲೆಯ ಮೇಲೆ ಮಲ ಹೊರುವ ಪದ್ಧತಿಯ ನಿಷೇಧ, ಇವೆಲ್ಲ ಇರುವುದು ಆ ಬದುಕಿನ ನಡುವಿನಲ್ಲಿ. ಎದುರಿನವನ ಕುತ್ತಿಗೆಗೆ ಕೈ ಹಾಕದೆ, ಅವನ ಬೆವರು ತನ್ನ ಮೈಗೆ ಹತ್ತದೆ ಕುಸ್ತಿಯಿಲ್ಲ. ಮುಟ್ಟಿಸಿಕೊಳ್ಳದ ಸಮಾಜದಲ್ಲಿ ಮುಟ್ಟುವ ಆಟ ಕಲಿತ ಮೈ ಅದು. ಅವರ ರಾಜಕಾರಣಕ್ಕೆ ಗರಡಿಯೇ ಕಾರಣ ಎನ್ನಲಾರೆ. ಆ ಮೈ ಕಲಿತದ್ದನ್ನು ಬಿಟ್ಟು ಅವರನ್ನು ನೆನೆದರೆ ಮಾತ್ರ ನೆನಪು ಅರ್ಧವೇ ಆಗುತ್ತದೆ.

ಮೈಸೂರಿನ ದೊಡ್ಡಕೆರೆ ಮೈದಾನದಲ್ಲಿ ದಸರಾ ಕುಸ್ತಿ ನಡೆಯುವ ಕ್ರೀಡಾಂಗಣಕ್ಕೆ ಅರಸು ಅವರ ಹೆಸರಿದೆ. ಎಲ್ಲರ ಅಪ್ಪಂದಿರಿಗೂ ಆ ಭಾಗ್ಯವಿಲ್ಲ. ಅವರ ಆಟ ಉಳಿದಿರುವುದು ಜೊತೆಗೆ ಆಡಿದವರಲ್ಲಿ. ಮನೆಯಲ್ಲಿ ಅಪ್ಪನೆಂದರೆ ಗದರುವವರು, ಫೀಸು ಕಟ್ಟುವವರು, ಮಾತು ಕಡಿಮೆ. ಅಖಾಡದಲ್ಲಿ, ಕಬಡ್ಡಿ ಅಂಕಣದಲ್ಲಿ ಅವರು ಬೇರೆಯೇ ಮನುಷ್ಯ. ಸೋತಾಗ ಎದುರಾಳಿಯ ಕೈ ಕುಲುಕಿದ್ದು, ಗೆದ್ದ ದಿನ ಊರೆಲ್ಲ ಕೇಳುವಂತೆ ನಕ್ಕಿದ್ದು ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ಅದನ್ನು ಕಂಡವರಿಗೂ ಈಗ ವಯಸ್ಸಾಗಿದೆ.

ಹಾಗಾಗಿ ಇಂಥ ಮನೆಯವರಲ್ಲಿ ಒಂದು ಕೋರಿಕೆ. ತಿಥಿಗೆ ಕರೆಯುವವರ ಪಟ್ಟಿಯಲ್ಲಿ ಅಪ್ಪನ ಜೊತೆ ಆಡಿದವರ ಹೆಸರನ್ನು ಮೊದಲು ಬರೆಯಿರಿ. ಊಟವಾದ ಮೇಲೆ ಅವರನ್ನು ಹಾಗೇ ಕಳಿಸಬೇಡಿ. ಕೂರಿಸಿಕೊಂಡು, ಅಪ್ಪ ಹೇಗೆ ಆಡುತ್ತಿದ್ದರು ಎಂದು ಕೇಳಿ. ಅವರು ಹೇಳಿದ್ದನ್ನು ಬರೆದಿಟ್ಟುಕೊಳ್ಳಿ.