ಮೊದಲ ಸಾಲಿನ ಫಲ

ಗ್ರಂಥದ ಆದಿಯಲ್ಲಿ ಮಂಗಲಾಚರಣೆ ಮಾಡಿದರೆ ಫಲವೇನು? ಗ್ರಂಥ ನಿರ್ವಿಘ್ನವಾಗಿ ಮುಗಿಯುವುದೇ ಫಲ ಎಂದರು ಪ್ರಾಚೀನ ನೈಯಾಯಿಕರು. ಆದರೆ ದೇವತಾಸ್ತುತಿಯಿಂದ ತೊಡಗಿದ ‘ಕಾದಂಬರಿ’ಯನ್ನು ಬಾಣಭಟ್ಟ ಮುಗಿಸಲಿಲ್ಲ, ಮಗ ಪೂರೈಸಬೇಕಾಯಿತು. ನಾಸ್ತಿಕರ ಗ್ರಂಥಗಳಾದರೋ ಸ್ತುತಿಯಿಲ್ಲದೆಯೇ ಮುಗಿದಿವೆ. ಅಲ್ಲಿ ಹಿಂದಿನ ಜನ್ಮದ ಮಂಗಲವನ್ನು ಊಹಿಸಿ ಪ್ರಾಚೀನರು ಸಮಾಧಾನ ಹೇಳಿದ್ದುಂಟು. ಅದು ನನಗೆ ಒಪ್ಪಿಗೆಯಾಗದು. ವಿಶ್ವನಾಥ ಪಂಚಾನನ ‘ಸಿದ್ಧಾಂತಮುಕ್ತಾವಳಿ’ಯಲ್ಲಿ ಕೊಡುವ ನವ್ಯರ ಉತ್ತರವೇ ಗಟ್ಟಿಯಾದದ್ದು: ಮಂಗಲದ ಫಲ ವಿಘ್ನನಾಶವಷ್ಟೇ, ಗ್ರಂಥ ಮುಗಿಯುವುದು ಬುದ್ಧಿ, ಪ್ರತಿಭೆ ಮೊದಲಾದ ಕಾರಣಗಳಿಂದ.

ಈ ಉತ್ತರಕ್ಕೆ ನಮ್ಮ ಕಾಲದ ದೃಷ್ಟಾಂತವೊಂದಿದೆ: ವೆಬ್ ಪುಟದ ನೆತ್ತಿಯ ಮೇಲಿನ ಡಾಕ್‌ಟೈಪ್. 1999ರ ಎಚ್‌ಟಿಎಂಎಲ್ 4.01ರಲ್ಲಿ ಈ ಸಾಲು ಪುಟ ಯಾವ ವ್ಯಾಕರಣಕ್ಕೆ ಸೇರಿದ್ದೆಂದು ಹೆಸರಿಸಿ, ಆ ವ್ಯಾಕರಣವಿರುವ ವಿಳಾಸವನ್ನೂ ಕೊಡಬಹುದಿತ್ತು. ಬ್ರೌಸರ್‌ಗಳು ಪುಟ ತೋರಿಸುವಾಗ ಆ ವ್ಯಾಕರಣವನ್ನು ಓದುತ್ತಿರಲಿಲ್ಲ. ಸಾಲು ಬರೆದ ಮಾತ್ರಕ್ಕೆ ಪುಟದೊಳಗಿನ ತಪ್ಪು ಟ್ಯಾಗ್‌ಗಳೂ ಸರಿಹೋಗುತ್ತಿರಲಿಲ್ಲ. ಹಾಗಾದರೆ ಅದೊಂದು ಒಣ ಆಚಾರ, ಬಿಟ್ಟುಬಿಡಬಹುದಲ್ಲ ಎಂಬ ಆಕ್ಷೇಪ ಸಹಜ. ಬಿಟ್ಟರೆ ಏನಾಗುತ್ತದೆ ನೋಡಿ. ಮ್ಯಾಕ್‌ಗಾಗಿ 2000ದಲ್ಲಿ ಬಂದ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರಿಂದ ಮೊದಲ್ಗೊಂಡು ಬ್ರೌಸರ್‌ಗಳು ಈ ಸಾಲನ್ನು ನೋಡಿಯೇ ಪುಟವನ್ನು ಓದುವ ಬಗೆಯನ್ನು ತೀರ್ಮಾನಿಸುತ್ತವೆ. ಸಾಲಿಲ್ಲದ ಪುಟ ಹಳೆಯ ಕಾಲದ್ದೆಂದು ಬಗೆದು, ಹಳೆಯ ಬ್ರೌಸರ್‌ಗಳ ತಪ್ಪುಗಳನ್ನೇ ಅನುಸರಿಸುವ ಕ್ವರ್ಕ್ಸ್ ಮೋಡ್‌ಗೆ ಇಳಿಯುತ್ತವೆ. 200 ಪಿಕ್ಸೆಲ್ ಅಗಲದ ಚೌಕಕ್ಕೆ ಎರಡೂ ಬದಿ 20ರ ಪ್ಯಾಡಿಂಗ್, 5ರ ಬಾರ್ಡರ್ ಕೊಟ್ಟರೆ ಒಟ್ಟು 250 ಆಗಬೇಕು. ಎಕ್ಸ್‌ಪ್ಲೋರರ್ 6ರಲ್ಲಿ ಆ ಒಂದು ಸಾಲು ಇಲ್ಲದಿದ್ದರೆ ಅದು 200ಕ್ಕೇ ಕುಗ್ಗುತ್ತಿತ್ತು. ಬರೆದ ಅಂಕಿ ಅದೇ, ಓದಿದ ಬಗೆ ಬೇರೆ. ವಿಘ್ನವೆಂದರೆ ಇದು.

ಮಂಗಲದ ಫಲ ಅದೃಷ್ಟ, ಡಾಕ್‌ಟೈಪಿನದು ಕಣ್ಣಿಗೆ ಕಾಣುವಂಥದ್ದು, ಆದ್ದರಿಂದ ಹೋಲಿಕೆ ಸಲ್ಲದು ಎಂದು ಶ್ರದ್ಧಾವಂತರೂ ಸಂಶಯವಾದಿಗಳೂ ಒಟ್ಟಿಗೇ ಹೇಳಬಹುದು. ನಿಜ, ಈ ದೃಷ್ಟಾಂತದಿಂದ ದೇವತಾನುಗ್ರಹ ಸಿದ್ಧವಾಗುವುದಿಲ್ಲ. ನಾನು ಹಾಗೆ ವಾದಿಸುತ್ತಲೂ ಇಲ್ಲ. ಅಡ್ಡಿ ಕಳೆಯುವ ಕಾರಣ ಬೇರೆ, ಕಾರ್ಯ ಮುಗಿಸುವ ಕಾರಣ ಬೇರೆ ಎಂಬ ವಿವೇಕವಷ್ಟೇ ಇದರಿಂದ ಸಿದ್ಧವಾಗುತ್ತದೆ. ಆಚಾರವನ್ನು ಹೊಗಳುವವರೂ ಹಳಿಯುವವರೂ ಮರೆಯುವುದು ಇದನ್ನೇ: ಒಬ್ಬರು ಅದರಿಂದಲೇ ಎಲ್ಲವೂ ಆಗುತ್ತದೆ ಎನ್ನುತ್ತಾರೆ, ಇನ್ನೊಬ್ಬರು ಎಲ್ಲವೂ ಆಗದ್ದರಿಂದ ಅದು ವ್ಯರ್ಥ ಎನ್ನುತ್ತಾರೆ. 2014ರಲ್ಲಿ ಅಂತಿಮಗೊಂಡ ಎಚ್‌ಟಿಎಂಎಲ್ 5 ಆ ಸಾಲಿನಿಂದ ವ್ಯಾಕರಣದ ಹೆಸರನ್ನೂ ವಿಳಾಸವನ್ನೂ ಕೈಬಿಟ್ಟು ಎರಡೇ ಪದ ಉಳಿಸಿಕೊಂಡಿತು. ಆ ಎರಡು ಪದಗಳನ್ನು ಇಂದಿಗೂ ಬಿಡುವಂತಿಲ್ಲ.